ಬೇಸಿಗೆ ರಜೆ, ಅಜ್ಜಿಯ ಪತ್ರಗಳು

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಅಂದ ಮಾತಿಗೆ ಆಗಲೇ ಉತ್ತರ ಕೊಡಬೇಕಿತ್ತು. ಅಷ್ಟರಲ್ಲಿ ನಿಮ್ಮನೆ ಕಾಲಿಂಗ್ ಬೆಲ್ ಹೊಡೆಯಿತು, ಮಾತು ಅಲ್ಲಿಗೇ ನಿಂತಿತು. 'ಹುಡುಗ ಹುಡುಗಿ ಬೀಚಿನಲ್ಲಿ ಓಡಾಡೋ ಕಥೆಗೆ ಹಿಟ್ಲರ್ ಕಾಲದ ಒಗ್ಗರಣೆ ಹಾಕಿದರೆ ಅದು ಗಂಭೀರ ಪುಸ್ತಕ ಆಗಿಬಿಡುತ್ತಾ?' ಅಂದೆ. ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಸತ್ತವರ ಹೆಸರಿನಲ್ಲಿ ಕಣ್ಣೀರು ಮಾರುವ ಪುಸ್ತಕಗಳು ಬೇಕಾದಷ್ಟಿವೆ. ಮುಖಪುಟಕ್ಕೆ ಮುಳ್ಳುತಂತಿ ಹಾಕಿ, ಒಳಗೆ ಸಾಧಾರಣ ಪ್ರೇಮಕಥೆ ತುಂಬಿದವನ್ನು ನಾನೂ ಅರ್ಧಕ್ಕೇ ಬಿಟ್ಟಿದ್ದೇನೆ. ಆದರೆ ನಾನು ಹೇಳುತ್ತಿದ್ದ ಕಾದಂಬರಿಗಳ ಜಾತಿಯೇ ಬೇರೆ. ಅವುಗಳ ಕಥೆ ಯಾತನಾ ಶಿಬಿರದಲ್ಲಿ ನಡೆಯುವುದಿಲ್ಲ, ಯುದ್ಧದಲ್ಲೂ ನಡೆಯುವುದಿಲ್ಲ. ಈಗಿನ ಕಾಲದ ಹದಿನೇಳರ ಯಹೂದಿ ಹುಡುಗಿ, ಶಾಲೆಗೆ ರಜೆ, ಸಮುದ್ರದ ಊರು, ಐಸ್‌ಕ್ರೀಂ. ನಡುವೆ ತೀರಿಕೊಂಡ ಅಜ್ಜಿಯ ಸಾಮಾನಿನ ಪೆಟ್ಟಿಗೆ.

ನಿನಗೆ ಗೊತ್ತಲ್ಲ, ಬಾಸ್ಟನ್ ಪಕ್ಕದ ನಮ್ಮೂರಿನ ಲೈಬ್ರರಿಯಲ್ಲಿ ವಾರಕ್ಕೊಂದು ದಿನ ನಾನು ಪುಸ್ತಕ ಜೋಡಿಸಲು ಹೋಗುತ್ತೇನೆ. ಸಂಬಳ ಇಲ್ಲ, ಪುಸ್ತಕ ಮೊದಲು ನನ್ನ ಕೈಗೆ ಸಿಗುತ್ತದೆ ಅನ್ನುವ ಆಸೆ ಅಷ್ಟೆ. ಜೂನ್ ತಿಂಗಳು ಬಂತೆಂದರೆ ಹೈಸ್ಕೂಲ್ ಹುಡುಗಿಯರು ಹಿಂಡು ಹಿಂಡಾಗಿ ಬರುತ್ತಾರೆ. ಅವರಿಗೆ ಬೇಕಾದದ್ದು ಪ್ರೇಮ, ಸಮುದ್ರ, ಸುಖಾಂತ. ಅದೇ ಶೆಲ್ಫಿನಿಂದ ನನ್ನ ಮಗಳು ಎತ್ತಿಕೊಂಡು ಬಂದ ಪುಸ್ತಕ ಇದು. ಅವಳು ಮುಗಿಸಿದ ಮೇಲೆ ನಾನು ಶುರು ಮಾಡಿದೆ.

ಹ್ಯಾನಾ ರೆನಾಲ್ಡ್ಸ್ ಬರೆದ 'ದಿ ಸಮ್ಮರ್ ಆಫ್ ಲಾಸ್ಟ್ ಲೆಟರ್ಸ್', 2021ರಲ್ಲಿ ಬಂದದ್ದು. ಆಬಿ ಎಂಬ ಹುಡುಗಿ. ಮೊದಲ ಬಾಯ್‌ಫ್ರೆಂಡ್ ಜೊತೆ ಆಗಷ್ಟೇ ಮುರಿದುಕೊಂಡಿದೆ. ಗೆಳತಿಯರೆಲ್ಲ ರಜೆಗೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ. ಒಂದು ಮಳೆಯ ದಿನ ಅಜ್ಜಿಯ ಸಾಮಾನುಗಳು ಮನೆಗೆ ಬರುತ್ತವೆ, ಅದರಲ್ಲೊಂದು ಪತ್ರಗಳ ಕಟ್ಟು. ಎಲ್ಲವೂ ಪ್ರೇಮಪತ್ರ. ಬರೆದವನು ಎಡ್ವರ್ಡ್ ಅಂತ ಯಾರೋ. ಬಂದಿರುವುದು ನಾಂಟಕೆಟ್ ದ್ವೀಪದ ಒಂದು ದೊಡ್ಡ ಬಂಗಲೆಯಿಂದ. ಅಜ್ಜಿ ಐದು ವರ್ಷದವಳಿದ್ದಾಗ ನಾಜಿಗಳ ಕಾಟದಿಂದ ಜರ್ಮನಿ ಬಿಟ್ಟು ಬಂದವಳು ಅನ್ನುವುದಷ್ಟೇ ಮೊಮ್ಮಗಳಿಗೆ ಗೊತ್ತು. ಉಳಿದದ್ದೆಲ್ಲ ಮಸುಕು. ಸರಿ, ಹುಡುಗಿ ಆ ದ್ವೀಪಕ್ಕೆ ಹೊರಡುತ್ತಾಳೆ. ಅಲ್ಲಿ ಎಡ್ವರ್ಡನ ಮೊಮ್ಮಗ ಸಿಗುತ್ತಾನೆ. ನೋಡಲು ಚೆಂದ. ಹಳೆಯದನ್ನು ಕೆದಕಬೇಡ ಅನ್ನುತ್ತಾನೆ. ಮುಂದೇನಾಗುತ್ತದೆ ಅಂತ 'ಸುಧಾ', 'ತರಂಗ'ದ ಧಾರಾವಾಹಿ ಓದಿ ಬೆಳೆದ ನಿನಗೆ ಹೇಳಬೇಕಾಗಿಲ್ಲ.

ಈಗ ನಿನ್ನ ತಕರಾರಿಗೆ ಬರುತ್ತೇನೆ. ಬೇಸಿಗೆ, ಬೀಚು, ಪ್ರೇಮ, ಇವೆಲ್ಲ ಓದುಗರನ್ನು ಸೆಳೆಯುವ ಬಣ್ಣ, ಅಸಲು ವಿಷಯ ಇತಿಹಾಸ ಅಂತ ನೀನು ಎರಡು ಭಾಗ ಮಾಡಿಬಿಟ್ಟೆ. ನಾನು ಹೇಳುವುದು ಅವು ಎರಡಲ್ಲ ಅಂತ. ಅಮೆರಿಕದ ಯಹೂದಿ ಮನೆತನಗಳಲ್ಲಿ ಬೇಸಿಗೆ ರಜೆಗೇ ಒಂದು ಚರಿತ್ರೆ ಇದೆ. ಅದರಲ್ಲಿ ಅವಮಾನವೂ ಇದೆ, ಮದುವೆಗಳೂ ಇವೆ.

1877ರ ಮಾತು ಕೇಳು. ಜೋಸೆಫ್ ಸೆಲಿಗ್‌ಮನ್ ಅಂತ ನ್ಯೂಯಾರ್ಕಿನ ಬ್ಯಾಂಕರ್. ಬವೇರಿಯಾದಿಂದ ಹುಡುಗನಾಗಿ ಬಂದು ಮೇಲೆ ಬಂದವನು. ಅಂತರ್ಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರದ ಬಾಂಡುಗಳನ್ನು ಯುರೋಪಿನಲ್ಲಿ ಮಾರಿಕೊಟ್ಟವನು. ಪ್ರೆಸಿಡೆಂಟರ ಸ್ನೇಹಿತ. ಆ ಬೇಸಿಗೆ ಹೆಂಡತಿ ಮಕ್ಕಳ ಜೊತೆ ಸಾರಟೋಗಾ ಸ್ಪ್ರಿಂಗ್ಸ್ ಎಂಬ ಊರಿನ ಗ್ರ್ಯಾಂಡ್ ಯೂನಿಯನ್ ಹೋಟೆಲಿಗೆ ಹೋದ. ಹೋಟೆಲ್ ನಡೆಸುತ್ತಿದ್ದ ಹೆನ್ರಿ ಹಿಲ್ಟನ್, ಯಹೂದಿಗಳಿಗೆ ರೂಮಿಲ್ಲ ಅಂತ ಹೇಳಿಸಿದ. ದೊಡ್ಡ ಸುದ್ದಿಯಾಯಿತು, ಪೇಪರಿನಲ್ಲಿ ಜಗಳವಾಯಿತು. ಹಿಲ್ಟನ್ ನಾಚಿಕೊಳ್ಳಲಿಲ್ಲ. ಅವನನ್ನು ನೋಡಿ ಬೇರೆ ಹೋಟೆಲುಗಳಿಗೂ ಧೈರ್ಯ ಬಂತು. ಮುಂದಿನ ದಶಕಗಳಲ್ಲಿ ಜಾಹೀರಾತಿನಲ್ಲೇ ಬರೆಯತೊಡಗಿದರು. ಕೆಲವರು ನೇರವಾಗಿ 'ಯಹೂದಿಗಳಿಗೆ ಪ್ರವೇಶವಿಲ್ಲ' ಅಂತ, ಕೆಲವರು ನಾಜೂಕಾಗಿ 'ಚರ್ಚು ಹತ್ತಿರದಲ್ಲೇ ಇದೆ' ಅಂತ. ಓದುವವರಿಗೆ ಅರ್ಥವಾಗುತ್ತಿತ್ತು. ಊರಿನ ಬಾವಿ, ಹೋಟೆಲಿನ ಬೇರೆ ಲೋಟ ಎಲ್ಲ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾ?

ಒಳಗೆ ಬಿಡದ ಮೇಲೆ ಏನು ಮಾಡುವುದು? ತಮ್ಮದೇ ಬೇಸಿಗೆ ಕಟ್ಟಿಕೊಂಡರು. ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ ಕ್ಯಾಟ್ಸ್‌ಕಿಲ್ ಬೆಟ್ಟಗಳು. ಅಲ್ಲಿ ಯಹೂದಿ ರೈತರು ಮೊದಲು ತಮ್ಮ ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಟ್ಟರು. ಆಮೇಲೆ ಸಾಲು ಕೋಣೆ, ಎಲ್ಲರಿಗೂ ಒಂದೇ ಅಡುಗೆಮನೆ. ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಒಲೆ. ಆಮೇಲೆ ಚಿಕ್ಕ ಚಿಕ್ಕ ಮನೆಗಳ ಕಾಲೊನಿ. ಕೊನೆಗೆ ದೊಡ್ಡ ಹೋಟೆಲುಗಳು: ಗ್ರಾಸಿಂಗರ್ಸ್, ಕಾಂಕಾರ್ಡ್, ಕುಚರ್ಸ್. 1950ರ ದಶಕದಲ್ಲಿ ಅಲ್ಲಿ 500ಕ್ಕೂ ಹೆಚ್ಚು ಹೋಟೆಲುಗಳಿದ್ದವು. ಸೆಕೆಯಲ್ಲಿ ಬೇಯುವ ನಗರದ ಬಾಡಿಗೆ ಮನೆ ಬಿಟ್ಟು ಹೆಂಗಸರು ಮಕ್ಕಳು ಇಡೀ ಬೇಸಿಗೆ ಅಲ್ಲಿರುತ್ತಿದ್ದರು. ಗಂಡಸರು ಶುಕ್ರವಾರ ಸಂಜೆ ಬಂದು ಭಾನುವಾರ ವಾಪಸ್. ರಾತ್ರಿ ಹಾಡು, ಡ್ಯಾನ್ಸು, ನಗೆ ಕಾರ್ಯಕ್ರಮ. ಅಮೆರಿಕದ ಎಷ್ಟೋ ಹಾಸ್ಯಗಾರರು ಪಳಗಿದ್ದು ಅಲ್ಲೇ. ಬ್ಯಾಸ್ಕೆಟ್‌ಬಾಲ್‌ನ ವಿಲ್ಟ್ ಚೇಂಬರ್ಲೇನ್ ಇನ್ನೂ ಹೈಸ್ಕೂಲ್ ಹುಡುಗನಾಗಿದ್ದಾಗ, 1954ರಲ್ಲಿ, ಕುಚರ್ಸ್‌ನಲ್ಲಿ ಲಗೇಜ್ ಹೊರುವ ಕೆಲಸ ಮಾಡಿದ್ದ. ಏಳಡಿ ಎತ್ತರದ ಕೂಲಿ! ಸೂಟ್‌ಕೇಸನ್ನು ಕಿಟಕಿಯಿಂದಲೇ ಒಳಗೆ ಕೊಡುತ್ತಿದ್ದ ಅಂತ ಜನ ಈಗಲೂ ಹೇಳುತ್ತಾರೆ. ಸುಳ್ಳೋ ನಿಜವೋ, ಕೇಳಲು ಚೆನ್ನಾಗಿದೆ.

ನನಗೆ ಮುಖ್ಯವಾಗಿ ಕಂಡದ್ದು ಊಟದ ಹಾಲ್. ಅಲ್ಲಿ ಬಡಿಸುತ್ತಿದ್ದವರು ಮೆಡಿಕಲ್, ಲಾ ಓದುವ ಹುಡುಗರು. ಫೀಸಿಗೆ ದುಡ್ಡು ಬೇಕು, ಬೇಸಿಗೆಯಲ್ಲಿ ದುಡಿಯುತ್ತಾರೆ. ಟೇಬಲ್ಲಿನಲ್ಲಿ ಕೂತವರು ಮದುವೆ ವಯಸ್ಸಿನ ಹೆಣ್ಣುಮಕ್ಕಳ ತಾಯಂದಿರು. ಇನ್ನು ಬಿಡಿಸಿ ಹೇಳಬೇಕಾ? ಲೈಬ್ರರಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಒಬ್ಬ ಹಿರಿಯ ಹೆಂಗಸು ನಗುತ್ತಾ ಹೇಳುತ್ತಾರೆ: 'ನಮ್ಮಮ್ಮ ಊಟಕ್ಕೆ ಬಂದವಳು, ನಮ್ಮಪ್ಪ ತಟ್ಟೆ ತಂದವನು.' ಅವರ ಮನೆತನ ಶುರುವಾದದ್ದೇ ಒಂದು ಬೇಸಿಗೆ ಪ್ರೇಮದಿಂದ. ಅಂಥ ಮನೆಗಳು ಸಾವಿರಾರು. ಪೋಲೆಂಡಿನಲ್ಲೋ ರಷ್ಯಾದಲ್ಲೋ ಇಡೀ ಊರೇ ಇಲ್ಲವಾದ ಮೇಲೆ, ಇಲ್ಲಿ ನಮ್ಮವರು ನಮ್ಮವರನ್ನೇ ಹುಡುಕಿಕೊಳ್ಳಲಿ ಅಂತ ತಾಯಂದಿರಿಗೆ ಆತಂಕ. ಪ್ರೀತಿ ಮಾಡು, ಆದರೆ ಇಲ್ಲಿ ಮಾಡು ಅನ್ನುವ ಹಾಗೆ. ಬೇಸಿಗೆಯ ಪ್ರೇಮ ಅಂದರೆ ಅಲ್ಲಿ ಬರೀ ಮಜಾ ಅಲ್ಲ.

ಆಮೇಲೆ ಆ ಲೋಕವೇ ಮುಗಿಯಿತು. ಮನೆಮನೆಗೆ ಎಸಿ ಬಂತು, ವಿಮಾನದ ಟಿಕೆಟ್ ಅಗ್ಗವಾಯಿತು. 1964ರ ನಾಗರಿಕ ಹಕ್ಕುಗಳ ಕಾಯ್ದೆ ಬಂದ ಮೇಲೆ ಯಾವ ಹೋಟೆಲೂ ಜಾತಿ ಧರ್ಮ ನೋಡಿ ಬಾಗಿಲು ಹಾಕುವಂತಿಲ್ಲ. ಮಕ್ಕಳು ಬೇರೆ ಕಡೆ ಹೋದರು. ಗ್ರಾಸಿಂಗರ್ಸ್ 1986ರಲ್ಲಿ ಮುಚ್ಚಿತು.

ಇಷ್ಟು ಗೊತ್ತಿದ್ದು ನಾಂಟಕೆಟ್‌ಗೆ ಬಾ. ಮೇನ್‌ಲ್ಯಾಂಡಿನಿಂದ ಸುಮಾರು 50 ಕಿಲೋಮೀಟರ್ ದೂರ, ಅಟ್ಲಾಂಟಿಕ್ ಸಮುದ್ರದಲ್ಲಿ. ಹಯಾನಿಸ್ ಎಂಬ ಊರಿನಿಂದ ಫೆರ್ರಿ ಹಿಡಿಯಬೇಕು. ಒಂದು ಕಾಲದಲ್ಲಿ ತಿಮಿಂಗಿಲ ಬೇಟೆಯ ರಾಜಧಾನಿ. ತಿಮಿಂಗಿಲದ ಎಣ್ಣೆಯಲ್ಲಿ ಜಗತ್ತಿನ ದೀಪಗಳು ಉರಿಯುತ್ತಿದ್ದಾಗ ಆ ದುಡ್ಡಿನಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಗಡದ ಹಡಗಿನ ಕ್ಯಾಪ್ಟನ್ನರು ಕಟ್ಟಿಸಿದ ಮನೆಗಳು ಇನ್ನೂ ಇವೆ. ಮರದ ಹಲಗೆಗಳು ಉಪ್ಪುಗಾಳಿಗೆ ಬೂದಿ ಬಣ್ಣಕ್ಕೆ ತಿರುಗಿವೆ. 1847ರಲ್ಲಿ ಅಲ್ಲಿ ಮರಿಯಾ ಮಿಚೆಲ್ ಎಂಬಾಕೆ ದೂರದರ್ಶಕದಲ್ಲಿ ಹೊಸ ಧೂಮಕೇತುವೊಂದನ್ನು ಕಂಡುಹಿಡಿದಳು. ಆಕೆ ಆ ಊರಿನ ಲೈಬ್ರೇರಿಯನ್ ಕೂಡ! ಇದು ಈ ಪತ್ರಕ್ಕೆ ಸಂಬಂಧವಿಲ್ಲ, ಆದರೂ ಹೇಳದೆ ಇರಲು ಆಗಲಿಲ್ಲ.

ಇಂಥ ಹಳೇ ಪ್ರೊಟೆಸ್ಟೆಂಟ್ ದುಡ್ಡಿನ ದ್ವೀಪದಲ್ಲಿ ಒಂದು ಯಹೂದಿ ಕುಟುಂಬಕ್ಕೆ ಬಂಗಲೆ ಇದೆ ಅಂತ ಕಾದಂಬರಿ ಹೇಳಿದಾಗ ಇಲ್ಲಿನ ಯಹೂದಿ ಓದುಗರಿಗೆ ಅದು ಸೀನರಿ ಅಲ್ಲ. ಅವರು ಕ್ಯಾಟ್ಸ್‌ಕಿಲ್‌ಗೆ ಹೋಗಲಿಲ್ಲ, ಇಲ್ಲಿಗೆ ಬಂದರು. ಹೇಗೆ ಒಳಗೆ ಬಂದರು? ಏನು ಕೊಟ್ಟು ಬಂದರು? ಅಂಥ ಮನೆಯ ಮಗ, ಊರಿಲ್ಲದ, ಅಪ್ಪ ಅಮ್ಮನಿಲ್ಲದ ಒಬ್ಬ ನಿರಾಶ್ರಿತ ಹುಡುಗಿಗೆ ಪ್ರೇಮಪತ್ರ ಬರೆದರೆ ಮನೆಯವರು ಏನನ್ನುತ್ತಾರೆ? ಇಬ್ಬರೂ ಯಹೂದಿಗಳೇ. ಆದರೂ ನಡುವೆ ದೊಡ್ಡ ಗೋಡೆ. ಒಂದೇ ಜಾತಿಯ ಶ್ರೀಮಂತರೂ ಬಡವರೂ ಬೀಗರಾಗುವಾಗ ನಮ್ಮಲ್ಲಿ ಏನೇನು ನಡೆಯುತ್ತದೆ ಅಂತ ನೆನಪಿಸಿಕೋ.

ಆ ಹುಡುಗಿ, ಅಂದರೆ ಅಜ್ಜಿ, ಅವಳ ಹಿಂದಿನ ನಿಜ ಕಥೆಗೆ ಬರುತ್ತೇನೆ. 1938ರ ನವೆಂಬರ್ 9ರ ರಾತ್ರಿ ಜರ್ಮನಿ, ಆಸ್ಟ್ರಿಯಾಗಳಲ್ಲಿ ಯಹೂದಿಗಳ ಅಂಗಡಿ ಒಡೆದರು, ಅವರ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳನ್ನು ಸುಟ್ಟರು, ಗಂಡಸರನ್ನು ಸಾವಿರಗಟ್ಟಲೆ ಹಿಡಿದೊಯ್ದರು. ಆಮೇಲೆ ಎಷ್ಟೋ ತಂದೆತಾಯಿ ಒಂದು ನಿರ್ಧಾರಕ್ಕೆ ಬಂದರು: ನಾವು ಹೋಗಲು ಆಗದಿದ್ದರೆ ಮಕ್ಕಳನ್ನಾದರೂ ಕಳಿಸೋಣ. ಬ್ರಿಟನ್ ಸುಮಾರು 10,000 ಮಕ್ಕಳನ್ನು ತೆಗೆದುಕೊಂಡಿತು. ಅಪ್ಪ ಅಮ್ಮ ಸ್ಟೇಷನ್ನಿನ ತನಕ ಬಂದು ಕೈ ಬೀಸಿದರು. ಕುತ್ತಿಗೆಗೆ ನಂಬರಿನ ಚೀಟಿ ಹಾಕಿಕೊಂಡ ಮಕ್ಕಳು ರೈಲು ಹತ್ತಿದವು. ಹೆಚ್ಚಿನವರಿಗೆ ಮತ್ತೆ ತಂದೆತಾಯಿ ಸಿಗಲಿಲ್ಲ.

ಅಮೆರಿಕದ ಕಥೆ ಅಷ್ಟು ಹೆಮ್ಮೆಯದಲ್ಲ. 1939ರಲ್ಲಿ ಸೆನೆಟರ್ ರಾಬರ್ಟ್ ವ್ಯಾಗ್ನರ್ ಮತ್ತು ನಮ್ಮ ಮ್ಯಾಸಚೂಸೆಟ್ಸ್‌ನ ಸಂಸದೆ ಈಡಿತ್ ನರ್ಸ್ ರಾಜರ್ಸ್ ಒಂದು ಮಸೂದೆ ತಂದರು. ವಲಸೆ ಬರುವವರಿಗೆ ಇದ್ದ ಕೋಟಾ ಬಿಟ್ಟು ಹೆಚ್ಚುವರಿಯಾಗಿ 20,000 ಮಕ್ಕಳಿಗೆ ಎರಡು ವರ್ಷದಲ್ಲಿ ಪ್ರವೇಶ ಕೊಡೋಣ ಅಂತ. ಮಕ್ಕಳು ಕಣಯ್ಯಾ, ಹದಿನಾಲ್ಕರ ಒಳಗಿನವರು. ಅದಕ್ಕೂ ವಿರೋಧ. ಇಪ್ಪತ್ತು ಸಾವಿರ ಮುದ್ದು ಮಕ್ಕಳು ಬೇಗನೇ ಇಪ್ಪತ್ತು ಸಾವಿರ ಕುರೂಪಿ ದೊಡ್ಡವರಾಗುತ್ತಾರೆ ಅಂತ ಆಗಿನ ಪ್ರೆಸಿಡೆಂಟ್ ರೂಸ್‌ವೆಲ್ಟರ ಸಂಬಂಧಿ ಹೆಂಗಸೊಬ್ಬಳು ಅಂದದ್ದು ದಾಖಲೆಯಲ್ಲಿದೆ. ಮಸೂದೆ ಮತಕ್ಕೂ ಬರದೆ ಸತ್ತಿತು. ಕೊನೆಗೆ ತಂದೆತಾಯಿ ಇಲ್ಲದೆ ಇಲ್ಲಿಗೆ ಬಂದು ಸೇರಿದ ಮಕ್ಕಳು ಸಾವಿರದ ಆಸುಪಾಸು. ಹತ್ತು ವರ್ಷದ ಅವಧಿಯಲ್ಲಿ, ಸಣ್ಣ ಸಣ್ಣ ಗುಂಪುಗಳಲ್ಲಿ, ಸದ್ದಿಲ್ಲದೆ. ಫಿಲಡೆಲ್ಫಿಯಾದ ಗಿಲ್ಬರ್ಟ್ ಮತ್ತು ಎಲನೊರ್ ಕ್ರಾಸ್ ಅಂತ ದಂಪತಿ ತಾವೇ ವಿಯೆನ್ನಾಗೆ ಹೋಗಿ 50 ಮಕ್ಕಳನ್ನು ಕರೆತಂದರು. ಈ ಮಕ್ಕಳು ಯಾರದೋ ಮನೆಯಲ್ಲಿ ಬೆಳೆದರು. ಕೆಲವರಿಗೆ ಒಳ್ಳೆಯ ಮನೆ ಸಿಕ್ಕಿತು, ಕೆಲವರಿಗೆ ಇಲ್ಲ. ಹೊಸ ಭಾಷೆ ಕಲಿತು, ಹಳೆಯದನ್ನು ಬಾಯಿಗೆ ತರದೆ ದೊಡ್ಡವರಾದರು.

ಪತ್ರದ ವಿಷಯವನ್ನೂ ಹೇಳಿಬಿಡುತ್ತೇನೆ, ಕಾದಂಬರಿ ಓದುವಾಗ ನನ್ನನ್ನು ಬಿಡದೆ ಕಾಡಿದ್ದು ಅದೇ. ಯುದ್ಧದಿಂದ ಎರಡು ದೇಶಗಳ ನಡುವೆ ಅಂಚೆ ನಿಂತರೆ ರೆಡ್ ಕ್ರಾಸ್ ಫಾರಂ ಒಂದೇ ದಾರಿ. ಅದರಲ್ಲಿ 25 ಪದಕ್ಕಿಂತ ಜಾಸ್ತಿ ಬರೆಯುವಂತಿಲ್ಲ. ಮನೆ ಸಮಾಚಾರ ಮಾತ್ರ. ತಿಂಗಳುಗಟ್ಟಲೆ ತಡವಾಗಿ ಬರುತ್ತಿತ್ತು. ಬ್ರಿಟನ್ನಿಗೆ ಹೋದ ಎಷ್ಟೋ ಮಕ್ಕಳ ಬಳಿ ಅಪ್ಪ ಅಮ್ಮನದು ಅಂತ ಉಳಿದದ್ದು ಅಂಥ ಒಂದೆರಡು ಫಾರಂ. ಗಡೀಪಾರಾಗುವ ಹಿಂದಿನ ವಾರ ಒಬ್ಬ ತಾಯಿ 25 ಪದದಲ್ಲಿ ಏನು ಬರೆಯಬೇಕು ಹೇಳು? ಈಗ ಕಾದಂಬರಿಯ ಕಟ್ಟನ್ನು ನೋಡು. ಪತ್ರದ ಮೇಲೆ ಪತ್ರ, ಪ್ರೀತಿ ಉಕ್ಕಿ ಹರಿಯುವ ಪತ್ರ, ಯಾರೂ ಪದ ಎಣಿಸದ ಪತ್ರ. ಅಂಥವನ್ನು ಒಬ್ಬ ನಿರಾಶ್ರಿತ ಹುಡುಗಿ ಸಾಯುವ ತನಕ ಯಾಕೆ ಇಟ್ಟುಕೊಂಡಳು ಅಂತ ನನಗೆ ಯಾರೂ ವಿವರಿಸಬೇಕಾಗಲಿಲ್ಲ. ಹದಿಹರೆಯದವರಿಗೆ ಬರೆದ ಪುಸ್ತಕ ಅದನ್ನು ಸಾರಿ ಸಾರಿ ಹೇಳುವುದೂ ಇಲ್ಲ.

ನೀನು ಕೇಳುತ್ತೀಯ, ಇದನ್ನೆಲ್ಲ ನೇರವಾಗಿ ಇತಿಹಾಸದ ಪುಸ್ತಕದಲ್ಲಿ ಓದಬಾರದಾ ಅಂತ. ಓದಬಹುದು. ನನ್ನ ಮಗಳೂ ಶಾಲೆಯಲ್ಲಿ ಓದಿದ್ದಾಳೆ. ನಾಜಿಗಳು ಕೊಂದ ಯಹೂದಿಗಳು ಅರವತ್ತು ಲಕ್ಷ ಅನ್ನುವ ಸಂಖ್ಯೆ ಬರೆದು ಮಾರ್ಕ್ಸ್ ತೆಗೆದುಕೊಂಡಿದ್ದಾಳೆ. ಆದರೆ ಮನೆಯೊಳಗಿನ ಇತಿಹಾಸ ಬೇರೆ ಥರ. ಬದುಕಿ ಬಂದವರು ಹೇಳಲಿಲ್ಲ, ಯಾಕೆಂದರೆ ನೆನೆಯಲು ಆಗುತ್ತಿರಲಿಲ್ಲ. ಅವರ ಮಕ್ಕಳು ಕೇಳಲಿಲ್ಲ, ಅಮ್ಮ ರಾತ್ರಿ ಅಳುವುದನ್ನು ಕಂಡಿದ್ದರು. ಬಾಯಿ ಬಿಟ್ಟು ಕೇಳಿದ್ದು ಮೂರನೇ ತಲೆಮಾರು. ಅವರಿಗೂ ಎಲ್ಲಿಂದ ಶುರು ಮಾಡಬೇಕು ಗೊತ್ತಿಲ್ಲ. 'ಅಜ್ಜಿ, ನಿನ್ನ ಅಪ್ಪ ಅಮ್ಮನನ್ನು ಹೇಗೆ ಕೊಂದರು?' ಅಂತ ಹದಿನೇಳರ ಹುಡುಗಿ ಹೇಗೆ ಕೇಳುತ್ತಾಳೆ? 'ಅಜ್ಜಿ, ನೀನು ಯಾರನ್ನಾದರೂ ಪ್ರೀತಿ ಮಾಡಿದ್ಯಾ?' ಅಂತ ಕೇಳಬಹುದು. ಆಬಿಗೆ ತಾನೇ ಮನಸ್ಸು ಮುರಿದುಕೊಂಡಿರುವುದರಿಂದ ಆ ಪ್ರಶ್ನೆ ಹುಟ್ಟುತ್ತದೆ. ಅದರ ಹಿಂದೆ ಹೋದರೆ ಹಡಗು ಬರುತ್ತದೆ, ಜರ್ಮನಿ ಬರುತ್ತದೆ, ಬಿಟ್ಟುಬಂದ ಮನೆ ಬರುತ್ತದೆ. ಪ್ರೇಮವನ್ನು ತೆಗೆದುಹಾಕಿದರೆ ಆ ಹುಡುಗಿಗೆ ಆ ಪೆಟ್ಟಿಗೆ ತೆರೆಯಲು ಕಾರಣವೇ ಇಲ್ಲ.

ಇನ್ನೊಂದು ತಮಾಷೆ. ಪುಸ್ತಕ ಮುಗಿಸಿದ ಮೇಲೆ ನನ್ನ ಮಗಳು ತಿಪಟೂರಿನಲ್ಲಿರುವ ನಮ್ಮಮ್ಮನಿಗೆ ವೀಡಿಯೋ ಕಾಲ್ ಮಾಡಿ ಕೇಳಿಯೇ ಬಿಟ್ಟಳು: 'ಅಜ್ಜಿ, ತಾತನಿಗಿಂತ ಮುಂಚೆ ನಿಂಗೆ ಯಾರಾದ್ರೂ ಇಷ್ಟ ಆಗಿದ್ರಾ?' ನಾನು ಅಡುಗೆಮನೆಯಲ್ಲಿ ನಿಂತಲ್ಲೇ ನಿಂತೆ. ನಮ್ಮಮ್ಮ ಗದರುತ್ತಾರೆ ಅಂದುಕೊಂಡರೆ, ಒಂದು ನಿಮಿಷ ಸುಮ್ಮನಿದ್ದು, 'ನಿಮ್ಮಮ್ಮ ಅಲ್ಲಿದ್ದಾಳಾ?' ಅಂತ ಕೇಳಿದರು. ಮಗಳು ಫೋನ್ ಎತ್ತಿಕೊಂಡು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಏನಾಯಿತು ಅಂತ ನನಗೆ ಇವತ್ತಿನ ತನಕ ಹೇಳಿಲ್ಲ, ಇಬ್ಬರೂ! ನಡುವಿನ ತಲೆಮಾರಿನ ಗತಿ ಇಷ್ಟೆ.

ಪುಸ್ತಕದ ಮೇಲೆ ನನಗೂ ದೂರುಗಳಿವೆ, ಬರೀ ವಕಾಲತ್ತು ಮಾಡುತ್ತಿಲ್ಲ. ಮೊದಲನೆಯದು ದುಡ್ಡು. ಸಮುದ್ರಕ್ಕೆ ಮುಖ ಮಾಡಿದ ಬಂಗಲೆ, ಪಾರ್ಟಿಗಳು. ಇಂಥ ಕಾದಂಬರಿಗಳಿಗೆ ಬಂಗಲೆ ಅಂದರೆ ಯಾಕಷ್ಟು ಆಸೆಯೋ. ತಟ್ಟೆ ತಂದವನ ಮೊಮ್ಮಗಳ ಕಥೆ ನನಗೆ ಇನ್ನೂ ಇಷ್ಟವಾಗುತ್ತಿತ್ತು. ಎರಡನೆಯದು, ಪತ್ರಗಳ ಕಟ್ಟು ಅನುಕೂಲಕ್ಕೆ ತಕ್ಕ ಹಾಗೆ ಸಿಕ್ಕಿಬಿಡುವುದು. ನಿಜವಾಗಿ ಹುಡುಕುವವರಿಗೆ ಅಷ್ಟು ಸುಲಭವಿಲ್ಲ. ಲೈಬ್ರರಿಗೆ ತಮ್ಮ ಮನೆತನ ಹುಡುಕಿಕೊಂಡು ಬರುವವರಿಗೆ ಕಂಪ್ಯೂಟರ್ ತೋರಿಸಿಕೊಡುವ ಕೆಲಸವೂ ನನ್ನದೇ ಆದ್ದರಿಂದ ಇದನ್ನು ಸ್ವಲ್ಪ ಕಂಡಿದ್ದೇನೆ.

ಅವರಿಗೆ ಸಿಗುವುದು ಪ್ರೇಮಪತ್ರ ಅಲ್ಲ, ಪಟ್ಟಿಗಳು. ಹಡಗಿನ ಪ್ರಯಾಣಿಕರ ಪಟ್ಟಿ, ಪೌರತ್ವದ ಅರ್ಜಿ, ಜನಗಣತಿ. ಇಲ್ಲಿ ಜನಗಣತಿಯ ಹೆಸರುಗಳನ್ನು 72 ವರ್ಷ ಗುಟ್ಟಾಗಿ ಇಟ್ಟು ಆಮೇಲೆ ಬಿಡುಗಡೆ ಮಾಡುತ್ತಾರೆ. 1950ರದು 2022ರ ಏಪ್ರಿಲ್‌ನಲ್ಲಿ ಹೊರಗೆ ಬಂತು. ಅದರಲ್ಲಿ ಪ್ರತಿಯೊಬ್ಬರ ಎದುರಿಗೂ, ಆ ಮನೆಯ ಯಜಮಾನನಿಗೆ ಇವರು ಏನಾಗಬೇಕು ಅಂತ ಒಂದು ಕಾಲಂ ಇದೆ. ಹೆಂಡತಿ, ಮಗ, ಮಗಳು. ಯಾರದೋ ಮನೆಯಲ್ಲಿ ಬೆಳೆದ ಹುಡುಗಿಯ ಎದುರಿಗೆ ಗಣತಿಯವನು ಏನು ಬರೆದುಕೊಂಡ? ಬಾಡಿಗೆಯವಳು? ಸಾಕಿಕೊಂಡವಳು? ಒಂದು ಸಾಲಿನಲ್ಲಿ ಆ ಮನೆಯಲ್ಲಿ ಅವಳ ಜಾಗ ಯಾವುದು ಅಂತ ಗೊತ್ತಾಗಿಬಿಡುತ್ತದೆ. ಕಾದಂಬರಿಗೆ ಇದಕ್ಕಿಂತ ಒಳ್ಳೆಯ ದೃಶ್ಯ ಬೇಕಾ?

ಜರ್ಮನಿಯ ಬಾದ್ ಆರೋಲ್ಸನ್ ಎಂಬ ಊರಿನ ದಾಖಲೆ ಭಂಡಾರವೂ ಹಾಗೇ. ಯುದ್ಧದ ನಂತರ ಕಳೆದುಹೋದವರನ್ನು ಹುಡುಕಲು ಶುರು ಮಾಡಿದ್ದು. ಅಲ್ಲಿ ಸುಮಾರು 1.75 ಕೋಟಿ ಜನರ ವಿವರಗಳಿವೆ. 2007ರ ತನಕ ಸಂಶೋಧಕರಿಗೂ ತೆರೆದಿರಲಿಲ್ಲ. ಈಗ ಮನೆಯಲ್ಲಿ ಕೂತು ಹೆಸರು ಹಾಕಿ ಹುಡುಕಬಹುದು. ಶಿಬಿರಗಳಲ್ಲಿ ಕೈದಿಗಳಿಂದ ಕಸಿದುಕೊಂಡ ಕೈಗಡಿಯಾರ, ಉಂಗುರ, ಪೆನ್ನು, ಫೋಟೊಗಳು ಲಕೋಟೆಗಳಲ್ಲಿ ಉಳಿದಿವೆ. ಅವನ್ನು ಮನೆಯವರಿಗೆ ಮುಟ್ಟಿಸುವ ಕೆಲಸ ಈಗಲೂ ನಡೆಯುತ್ತಿದೆ. ಎಷ್ಟೋ ಸಲ ತೆಗೆದುಕೊಳ್ಳುವವರು ಮೊಮ್ಮಕ್ಕಳೇ. ಜೆರುಸಲೇಮಿನ ಸ್ಮಾರಕ ಸಂಸ್ಥೆ ಯಾದ್ ವಾಶೆಮ್‌ನಲ್ಲಿ ಸತ್ತವರ ಹೆಸರು ಕೂಡಿಸುತ್ತಾರೆ. ಗೊತ್ತಿದ್ದವರು ಒಂದು ಹಾಳೆ ತುಂಬಿಸಿ ಕೊಡಬೇಕು: ಹೆಸರು, ಹುಟ್ಟಿದ ಊರು, ಅಪ್ಪ ಅಮ್ಮ, ಕಸುಬು, ಇದ್ದರೆ ಒಂದು ಫೋಟೊ. ದಶಕಗಟ್ಟಲೆ ಇಂಥ ಹಾಳೆಗಳಿಂದ, ಜೊತೆಗೆ ಬೇರೆ ದಾಖಲೆಗಳಿಂದ ಸುಮಾರು 50 ಲಕ್ಷ ಹೆಸರು ಸೇರಿವೆ. ಉಳಿದವರಲ್ಲಿ ಎಷ್ಟೋ ಮಂದಿಯ ಹಾಳೆ ತುಂಬಿಸಲು ಅವರ ಕಡೆಯ ಒಬ್ಬರೂ ಉಳಿದಿರಲಿಲ್ಲ.

ಅಂದ ಹಾಗೆ, ಯುರೋಪಿನ ಅಶ್ಕೆನಾಜಿ ಯಹೂದಿಗಳಲ್ಲಿ ಮಗುವಿಗೆ ಬದುಕಿರುವವರ ಹೆಸರಿಡುವುದಿಲ್ಲ, ತೀರಿಕೊಂಡವರ ಹೆಸರನ್ನೇ ಇಡುತ್ತಾರೆ. ಲೈಬ್ರರಿಗೆ ಬರುವವರು ಹುಡುಕಾಟ ಶುರು ಮಾಡುವುದು ಎಷ್ಟೋ ಸಲ ಇಲ್ಲಿಂದ. ನನಗೆ ಈ ಹೆಸರು ಯಾಕಿಟ್ಟರು, ಆ ಹೆಸರಿನ ಹೆಂಗಸು ಯಾರು? ಅಮ್ಮನಿಗೆ ಗೊತ್ತಿಲ್ಲ. ಗೊತ್ತಿದ್ದ ಅಜ್ಜಿ ಈಗಿಲ್ಲ.

ಮೂರನೇ ದೂರು: ಯಹೂದಿ ಕುಟುಂಬದ ಚರಿತ್ರೆ ಅಂದರೆ ಯಾವಾಗಲೂ ಜರ್ಮನಿ, ಪೋಲೆಂಡೇ ಆಗಬೇಕಾ? ನಿನ್ನ ಬೆಂಗಳೂರಿನಲ್ಲೇ ಎಷ್ಟು ಬೇಕು! ಟಾಟಾ ಇನ್‌ಸ್ಟಿಟ್ಯೂಟ್ (ಅದೇ, ಭಾರತೀಯ ವಿಜ್ಞಾನ ಸಂಸ್ಥೆ) ಮುಂದೆ ದಿನಾ ಬಸ್ಸಿನಲ್ಲಿ ಹೋಗುತ್ತೀಯಲ್ಲ, ಅಲ್ಲಿಗೆ 1935ರಲ್ಲಿ ಜರ್ಮನಿಯ ಯಹೂದಿ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಬಂದಿದ್ದರು, ಹೆಂಡತಿ ಹೆಡ್ವಿಗ್ ಜೊತೆ. ನಾಜಿಗಳು ಗಾಟಿಂಗೆನ್‌ನ ಕೆಲಸ ಕಿತ್ತುಕೊಂಡಿದ್ದರು. ಬಾರ್ನ್ ಅವರನ್ನು ಇಲ್ಲೇ ಉಳಿಸಿಕೊಳ್ಳಲು ಸಿ.ವಿ. ರಾಮನ್ ಬಹಳ ಒದ್ದಾಡಿದರು, ಆಗಲಿಲ್ಲ. ಬಾರ್ನ್ ಎಡಿನ್‌ಬರೋಗೆ ಹೋದರು, 1954ರಲ್ಲಿ ನೊಬೆಲ್ ಬಂತು. ನಾವು ಕಾಲೇಜಿನಲ್ಲಿ ಕ್ಯಾಸೆಟ್ ಹಾಕಿ ಕೇಳುತ್ತಿದ್ದ ಒಲಿವಿಯಾ ನ್ಯೂಟನ್-ಜಾನ್ ನೆನಪಿದ್ದಾಳಾ? ಅವಳ ತಾಯಿಯ ತಂದೆ ಈ ಬಾರ್ನ್! ಆಮೇಲೆ ಬರ್ಲಿನ್ನಿನಿಂದ ಹೊರಬಿದ್ದ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದರು. ಆ ಇನ್‌ಸ್ಟಿಟ್ಯೂಟಿನ ಒಳಗೂ ಅವರ ಕಟ್ಟಡಗಳಿವೆ. ಮೈಸೂರು ರಸ್ತೆಯ ಕಡೆ ಯಹೂದಿಗಳ ಒಂದು ಪುಟ್ಟ ಸ್ಮಶಾನವಿದೆ. ಬೆಂಗಳೂರಿನ ಒಬ್ಬ ಹುಡುಗಿ, ದ್ವಿತೀಯ ಪಿಯುಸಿ ರಜೆ, ಆ ಸ್ಮಶಾನದ ಒಂದು ಕಲ್ಲು. ಬರೆಯುವವರು ಬೇಕು. ನೀನು ಇಪ್ಪತ್ತು ವರ್ಷದಿಂದ ಬರೀತೀನಿ ಬರೀತೀನಿ ಅಂತಿದ್ದೀಯ.

ಈಗ ನಾನೂ ಮಗಳೂ ಜಗಳವಾಡುತ್ತಿರುವ ವಿಷಯ. ಎಡ್ವರ್ಡನ ಮೊಮ್ಮಗ ಹುಡುಕಬೇಡ ಅನ್ನುತ್ತಾನಲ್ಲ, ಅದು ಬರೀ ಹೀರೋನ ಬಿಂಕ ಅಂತ ಮಗಳು. ನನಗೆ ಹಾಗನ್ನಿಸಲಿಲ್ಲ. ಅವನಿಗೂ ಒಬ್ಬ ಅಜ್ಜಿ ಇದ್ದಾಳಲ್ಲ, ಪತ್ರಗಳಲ್ಲಿ ಹೆಸರಿಲ್ಲದ ಅಜ್ಜಿ. ತಾತ ಮದುವೆಯಾದದ್ದು ಅವಳನ್ನು. ಒಬ್ಬ ಮೊಮ್ಮಗಳು ತನ್ನ ಅಜ್ಜಿಯ ಕಥೆ ಬಿಚ್ಚಿದರೆ ಇನ್ನೊಬ್ಬರ ಅಜ್ಜಿಯ ಸಂಸಾರವೂ ಅಂಗಳಕ್ಕೆ ಬರುತ್ತದೆ. ಮನೆತನದ ಚರಿತ್ರೆ ಬರೆಯುವವರು ಎಲ್ಲರೂ ಈ ಮೂಲೆಗೆ ಬಂದು ನಿಲ್ಲಲೇಬೇಕು. ಮಗಳ ವಾದ ಬೇರೆ: 'ಅಮ್ಮ, ಆ ಹುಡುಗಿಯ ಕಡೆಯವರೆಲ್ಲ ಸತ್ತುಹೋಗಿದ್ದಾರೆ. ಅವನಿಗೆ ಬಂಗಲೆ ತುಂಬ ಜನ, ಫೋಟೊ, ತಾತ ಮುತ್ತಾತ ಎಲ್ಲ ಇದ್ದಾರೆ. ಅವಳಿಗೆ ಇರೋದು ಒಂದು ಕಟ್ಟು ಕಾಗದ. ಅದನ್ನೂ ಓದಬೇಡ ಅಂದ್ರೆ ಹೇಗೆ?' ಹದಿನಾರು ವರ್ಷದವಳ ಬಾಯಲ್ಲಿ ಇದು ಬಂದಾಗ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆದರೂ ನಾನು ಆ ಹೆಸರಿಲ್ಲದ ಅಜ್ಜಿಯ ಪಕ್ಷ ಬಿಟ್ಟಿಲ್ಲ.

ಡಿಸೆಂಬರಿನಲ್ಲಿ ತಮ್ಮ ಬೆಂಗಳೂರಿಗೆ ಬರುತ್ತಿದ್ದಾನೆ, ಅವನ ಕೈಲಿ ಪುಸ್ತಕ ಕಳಿಸುತ್ತೇನೆ. ಮುಖಪುಟ ನೋಡಿ ಮುಖ ಸಿಂಡರಿಸಬೇಡ, ಬೇಕಿದ್ದರೆ ನ್ಯೂಸ್‌ಪೇಪರ್ ಅಟ್ಟೆ ಹಾಕಿಕೊಂಡು ಬಸ್ಸಿನಲ್ಲಿ ಓದು. ಓದಿ ಯಾರ ಕಡೆ ಅಂತ ಬರಿ. ಮಗಳು ನಿನ್ನ ವೋಟು ತನಗೇ ಅಂತ ಆಗಲೇ ಹೇಳಿಕೊಂಡು ತಿರುಗುತ್ತಿದ್ದಾಳೆ.

ಮನೆಯಲ್ಲಿ ಎಲ್ಲರಿಗೂ ನೆನಪು ಹೇಳು.

ನಿನ್ನ ಗೆಳತಿ